ಒತ್ತಬ್ಯಾಡ, ಕೂಡ್ರಿಸು

ಬೋರ್ಡ್ ಬರೆಸಲು ಬರುವವರೆಲ್ಲ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಅಕ್ಷರ ದಪ್ಪ ಇರ್ಲಿ ಅಣ್ಣಾರ, ಹೈವೇದಿಂದನ ಕಾಣ್ಬೇಕು ನೋಡ್ರಿ." ಆಮೇಲೆ ಜಾಗದ ಅಳತೆ ಕೊಡುತ್ತಾರೆ. ಹತ್ತಡಿ ಅಗಲ, ಮೂರಡಿ ಎತ್ತರ. ಅಷ್ಟರಲ್ಲೇ ಅಂಗಡಿಯ ಹೆಸರು, ಅದರ ಕೆಳಗೆ ಇಂಗ್ಲಿಷಿನಲ್ಲಿ ಅದೇ ಹೆಸರು, ಪ್ರೊಪ್ರೈಟರ್ ಯಾರೆಂಬುದು, ಎರಡು ಮೊಬೈಲ್ ನಂಬರು, ಎಡಗಡೆ ಮನೆದೇವರ ಫೋಟೊ. ಅಕ್ಷರ ದೊಡ್ಡದೂ ಆಗಬೇಕು, ದಪ್ಪವೂ ಆಗಬೇಕು, ಇಕ್ಕಟ್ಟಿನಲ್ಲಿ ಹಿಡಿಸಲೂಬೇಕು. ಇದನ್ನು ಹೊಂದಿಸಿಕೊಡುವುದೇ ನನ್ನ ಹೊಟ್ಟೆಪಾಡು. ನಾನು ಅಗಡಿಯವನು. ಹಾವೇರಿಯಲ್ಲಿ ಮೊದಲು ಬ್ರಷ್ ಹಿಡಿದು ಗೋಡೆ, ತಗಡು ಬರೆಯುತ್ತಿದ್ದೆ. ಈಗ ಕಂಪ್ಯೂಟರ್ ಮುಂದೆ ಕೂತು ಫ್ಲೆಕ್ಸ್ ಡಿಸೈನ್ ಮಾಡುತ್ತೇನೆ.

ಇಂಗ್ಲಿಷಿನಲ್ಲಿ ಈ ಕೆಲಸಕ್ಕೆಂದೇ ಒಂದು ಜಾತಿಯ ಅಕ್ಷರಗಳಿವೆ. ಬೋಲ್ಡ್ ಕಂಡೆನ್ಸ್ಡ್ ಸ್ಯಾನ್ಸ್ ಸೆರಿಫ್ ಅಂತಾರೆ. ತುದಿಯಲ್ಲಿ ಪಾದ, ಮೊಗ್ಗು ಏನೂ ಇಲ್ಲದ, ಮೈ ದಪ್ಪಗಿದ್ದು ಅಗಲ ಕಡಿಮೆ ಇರುವ, ಒಂದಕ್ಕೊಂದು ಭುಜ ತಾಗಿಸಿ ನಿಲ್ಲುವ ಅಕ್ಷರಗಳು. ಸಿನಿಮಾ ಪೋಸ್ಟರ್, ಪೇಪರಿನ ತಲೆಬರಹ, ಚುನಾವಣೆಯ ಬ್ಯಾನರ್, ಮೊಬೈಲಿನಲ್ಲಿ ಓಡಾಡುವ ಮೀಮ್ ಎಲ್ಲ ಕಡೆ ಇವೇ. ಪಾದವಿಲ್ಲದ ಇಂಗ್ಲಿಷ್ ಅಚ್ಚುಮೊಳೆ ಮೊದಲು ಕಾಣಿಸಿಕೊಂಡದ್ದು 1816ರಲ್ಲಿ, ಲಂಡನ್ನಿನ ನಾಲ್ಕನೇ ವಿಲಿಯಂ ಕ್ಯಾಸ್ಲನ್‌ನ ನಮೂನೆ ಪುಸ್ತಕದಲ್ಲಿ. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಮೊಳೆಯನ್ನು ಯಂತ್ರದಿಂದ ಕೊರೆಯುವ ದಾರಿ ಕಂಡುಕೊಂಡ. ಸೀಸದಲ್ಲಿ ಗೇಣುದ್ದದ ಅಕ್ಷರ ಎರಕ ಹೊಯ್ದರೆ ಭಾರವೂ ಹೆಚ್ಚು, ಖರ್ಚೂ ಹೆಚ್ಚು. ಮರದಲ್ಲಾದರೆ ಎರಡೂ ಕಡಿಮೆ. ಸರ್ಕಸ್ಸು, ನಾಟಕ, ಹರಾಜು ಅಂತ ಸಾರುವ ಗೋಡೆಪತ್ರಗಳ ಕಾಲ ಅದು. ಕಾಗದದ ಅಗಲ ಇಷ್ಟೇ ಅಂತ ಗೊತ್ತು. ಹಾಗಾಗಿ ಅಕ್ಷರಗಳು ಎತ್ತರಕ್ಕೆ ಬೆಳೆದವು, ಅಗಲದಲ್ಲಿ ಕುಗ್ಗಿದವು.

ನಮ್ಮವರಿಗೆ ಹೆಸರು ಗೊತ್ತಿಲ್ಲದಿದ್ದರೂ ಮುಖ ಗೊತ್ತಿರುವ ಫಾಂಟ್ ಎಂದರೆ ಇಂಪ್ಯಾಕ್ಟ್. 1965ರಲ್ಲಿ ಜೆಫ್ರಿ ಲೀ ಎಂಬ ಇಂಗ್ಲಿಷಿನವನು ಶೆಫೀಲ್ಡಿನ ಸ್ಟೀಫನ್ಸನ್ ಬ್ಲೇಕ್ ಫೌಂಡ್ರಿಗೆ ಮಾಡಿಕೊಟ್ಟದ್ದು. ಮುಂದೆ ವಿಂಡೋಸ್ ಜೊತೆಗೆ ಪುಕ್ಕಟೆ ಬರತೊಡಗಿದ ಮೇಲೆ ಅದು ತಲುಪದ ಊರಿಲ್ಲ. ಮೋಟೆಬೆನ್ನೂರಿನಿಂದ ರಾಣೇಬೆನ್ನೂರಿನವರೆಗೆ ಹೈವೇ ಬದಿಯ ಡಾಬಾ, ಟೈರ್ ಅಂಗಡಿ, ಬೀಜದ ಕಂಪನಿಗಳ ಬೋರ್ಡುಗಳ ಇಂಗ್ಲಿಷ್ ಸಾಲನ್ನು ನೋಡುತ್ತ ಹೋಗಿ, ನಡುನಡುವೆ ಸಿಗುತ್ತಲೇ ಇರುತ್ತದೆ.

ಇಂಗ್ಲಿಷಿನಲ್ಲಿ ಇದು ಅಷ್ಟು ಸಲೀಸಾಗಲು ಕಾರಣ ಕ್ಯಾಪಿಟಲ್ ಅಕ್ಷರಗಳು. ಎಲ್ಲವೂ ಒಂದೇ ಎತ್ತರ. ಮೇಲೆ ಏನೂ ಏಳುವುದಿಲ್ಲ, ಕೆಳಗೆ ಏನೂ ಇಳಿಯುವುದಿಲ್ಲ. ಮೇಲೊಂದು ಕೆಳಗೊಂದು ದಾರ ಹೊಡೆದು ನಡುವೆ ತುಂಬಿಬಿಟ್ಟರೆ ಬೋರ್ಡ್ ಮುಗಿಯಿತು. ಜೊತೆಗೆ ಅವುಗಳ ಭಾರವೆಲ್ಲ ನಿಂತ ಗೆರೆಗಳಲ್ಲಿದೆ. ಅಗಲ ಕುಗ್ಗಿಸಿದರೆ ಗೆರೆಗಳು ಹತ್ತಿರ ಬರುತ್ತವೆ, ಅಕ್ಷರದ ಗುರುತು ಕೆಡುವುದಿಲ್ಲ.

ಕನ್ನಡಕ್ಕೆ ಬನ್ನಿ. ನಮ್ಮ ಭಾಗದ ಊರುಗಳ ಹೆಸರನ್ನೇ ಬಸ್ಸಿನ ಬೋರ್ಡಿಗೆ ಬರೆಯುವುದಾದರೆ ತೊಂದರೆ ಎಲ್ಲಿದೆ ಅಂತ ಗೊತ್ತಾಗುತ್ತದೆ. ಅಗಡಿ ಪುಣ್ಯವಂತ ಹೆಸರು. ಮೂರೇ ಅಕ್ಷರ, ಒತ್ತಿಲ್ಲ, ಕೊನೆಗೊಂದು ಗುಡಿಸು. ಹಾವೇರಿಯೂ ಸಾಧು, ಆದರೆ ವೇ ಅಕ್ಷರದ ದೀರ್ಘ ಬಲಕ್ಕೆ ಹೋಗಿ ಇನ್ನೊಂದು ಅಕ್ಷರದ ಜಾಗ ತಿನ್ನುತ್ತದೆ. ಬ್ಯಾಡಗಿಯಲ್ಲಿ ಯ ಒತ್ತು ಕೆಳಗಿಳಿದು ಬಲಕ್ಕೆ ಬಾಲ ಚಾಚುತ್ತದೆ. ಇನ್ನು ರಾಣೇಬೆನ್ನೂರು! ಐದು ಅಕ್ಷರ ಅಂತ ಎಣಿಸಿ ಸುಮ್ಮನಾಗಬೇಡಿ. ಣ ಅಕ್ಷರ ಮೊದಲೇ ಅಗಲ, ಅದಕ್ಕೆ ದೀರ್ಘ. ನ್ನೂ ಅಕ್ಷರಕ್ಕೆ ಕೆಳಗೆ ಒತ್ತು, ಬಲಕ್ಕೆ ಕೊಂಬು, ಕೊಂಬಿಗೂ ಒಂದು ದೀರ್ಘ. ಅಂದರೆ ಪದ ಎರಡೂ ದಿಕ್ಕಿಗೆ ಬೆಳೆಯುತ್ತದೆ. ಒಂದೇ ಬೋರ್ಡಿನಲ್ಲಿ ಅಗಡಿ ಮತ್ತು ರಾಣೇಬೆನ್ನೂರು ಅಕ್ಕಪಕ್ಕ ಬಂದರೆ, ಒಂದೇ ಬ್ರಷ್ಷಿನಿಂದ ಬರೆದರೂ ಒಂದು ದಪ್ಪಗೆ, ಇನ್ನೊಂದು ಬಡಕಲಾಗಿ ಕಾಣುತ್ತದೆ.

ಕನ್ನಡದಲ್ಲಿ ಕ್ಯಾಪಿಟಲ್ ಇಲ್ಲ. ಗುಡಿಸಿಗೆ ಮೇಲೆ ಜಾಗ ಬೇಕು, ಒತ್ತಿಗೆ ಕೆಳಗೆ ಜಾಗ ಬೇಕು. ಅಕ್ಷರದ ಮೈಗೆ ಉಳಿಯುವುದು ಹೆಚ್ಚೆಂದರೆ ಸಾಲಿನ ಎತ್ತರದ ಅರ್ಧ, ಅದಕ್ಕಿಂತ ತುಸು ಜಾಸ್ತಿ. ಮೈಯೂ ದುಂಡಗಿನದು. ಣ, ಯ, ಮ ಅಗಲಕ್ಕೆ ಬೆಳೆದವು. ಜ, ಇ ಎತ್ತರದಲ್ಲಿ ಮಡಿಕೆ ಬಿದ್ದವು. ಒಂದನ್ನು ಅಗಲದಲ್ಲಿ ಕುಗ್ಗಿಸಿದರೆ ಹೊಟ್ಟೆ ಮುಚ್ಚುತ್ತದೆ, ಇನ್ನೊಂದನ್ನು ದಪ್ಪ ಮಾಡಿದರೆ ಮಡಿಕೆ ಕೂಡಿಕೊಳ್ಳುತ್ತದೆ.

ನಾನು ಕೈ ತಿದ್ದಿಕೊಂಡದ್ದು ಹಾವೇರಿಯ ಒಬ್ಬ ಪೇಂಟರ್ ಕಾಕಾನ ಹತ್ತಿರ. ಕಾಕಾ ಓದಿದ್ದು ಕಡಿಮೆ, ಟೈಪೊಗ್ರಫಿ ಅನ್ನುವ ಶಬ್ದವನ್ನು ಅವರ ಬಾಯಲ್ಲಿ ನಾನು ಕೇಳಿಲ್ಲ. ಗೋಡೆಗೆ ಸುಣ್ಣದ ದಾರ ಹೊಡೆದು, ಸೀಮೆಸುಣ್ಣದಲ್ಲಿ ಅಕ್ಷರದ ಅಸ್ಥಿ ಮಾತ್ರ ಗೀಚಿ, ಹಿಂದೆ ಸರಿದು ರಸ್ತೆಯ ಆಚೆ ಬದಿಗೆ ಹೋಗಿ ನೋಡುತ್ತಿದ್ದರು. ಸಾಲದ ಕಡೆ ನಾನು ಅಕ್ಷರವನ್ನು ಸಣ್ಣ ಮಾಡಿ ತುರುಕಿದರೆ, "ಒತ್ತಬ್ಯಾಡಲೇ ತಮ್ಮಾ, ಕೂಡ್ರಿಸು" ಅನ್ನುತ್ತಿದ್ದರು. ಅವರು ಕೂಡ್ರಿಸುತ್ತಿದ್ದ ರೀತಿ ಹೇಳುತ್ತೇನೆ, ಅದೇ ಈ ವಿದ್ಯೆಯ ಒಳಗುಟ್ಟು.

ಮೊದಲು ತಲೆಕಟ್ಟು. ಪುಸ್ತಕದ ಅಕ್ಷರದಲ್ಲಿ ತಲೆಕಟ್ಟು ಒಂದು ಕಡೆ ಕೊಂಕಿ ಮೇಲೇಳುತ್ತದೆ. ಕಾಕಾ ಅದನ್ನು ನೆಟ್ಟಗೆ ಒಂದೇ ಅಡ್ಡಪಟ್ಟಿ ಮಾಡುತ್ತಿದ್ದರು. ಚಪ್ಪಟೆ ಬ್ರಷ್ಷಿನ ಒಂದೇ ಎಳೆತ. ಎತ್ತರದಲ್ಲಿ ಒಂದಿಂಚು ಉಳಿಯಿತು, ಅದು ಅಕ್ಷರದ ಮೈಗೆ ಹೋಯಿತು. ಆಮೇಲೆ ದುಂಡನ್ನು ಚೌಕದ ಹತ್ತಿರ ತರುವುದು: ಎರಡು ಮಗ್ಗುಲು ನೆಟ್ಟಗೆ, ಮೂಲೆ ಮಾತ್ರ ಗುಂಡು. ಅಗಲ ಕಡಿಮೆಯಾದರೂ ಒಳಗಿನ ಬಯಲು ಹಾಗೇ ಉಳಿಯುತ್ತದೆ. ಮೂರನೆಯದು ದಪ್ಪದ ಹಂಚಿಕೆ. ಎಲ್ಲ ಗೆರೆಯೂ ಒಂದೇ ದಪ್ಪ ಕಾಣಬೇಕೆಂದರೆ ಎಲ್ಲ ಗೆರೆಯನ್ನೂ ಒಂದೇ ದಪ್ಪ ಬರೆಯಬಾರದು. ಜ ಅಕ್ಷರದ ಮಡಿಕೆಗಳನ್ನು ತೆಳ್ಳಗೆ, ಅದರ ಹೊರಮೈಯನ್ನು ದಪ್ಪಗೆ. ಮಹಾಪ್ರಾಣದ ಹೊಟ್ಟೆ ಸೀಳುವ ಗೆರೆಗೆ ಯಾವಾಗಲೂ ಬಿಡುವು ಕೊಡಬೇಕು; ಬಣ್ಣ ಕೂಡಿಕೊಂಡರೆ ಭ ಹೋಗಿ ಬ ಆಗುತ್ತದೆ, ಧ ಹೋಗಿ ದ ಆಗುತ್ತದೆ. ಧನಲಕ್ಷ್ಮೀ ಟ್ರೇಡರ್ಸ್ ಅಂತ ಬರೆದು ಮೊದಲ ಅಕ್ಷರದಲ್ಲೇ ಸೀಳು ಮುಚ್ಚಿಹೋದರೆ, ನಮ್ಮ ಕಡೆ ದನ ಅಂದರೆ ಏನೆಂದು ಎಲ್ಲರಿಗೂ ಗೊತ್ತು.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಅರ್ಕಾವೊತ್ತಿನ ಲೆಕ್ಕ. ಕನ್ನಡದಲ್ಲಿ ರ ವ್ಯಂಜನಕ್ಕೆ ಇನ್ನೊಂದು ಕೂಡಿದಾಗ ಎರಡು ರೀತಿ ಬರೆಯಬಹುದು. ಸೂರ್ಯ ಅಂತ ಯ ಬರೆದು ಪಕ್ಕಕ್ಕೆ ಅರ್ಕಾವೊತ್ತು ಇಡಬಹುದು. ಸೂರ‍್ಯ ಅಂತ ರ ಬರೆದು ಕೆಳಗೆ ಯ ಒತ್ತು ಕೊಡಬಹುದು. ಎರಡೂ ತಪ್ಪಲ್ಲ. ಮೊದಲನೆಯದು ಅಗಲ ತಿನ್ನುತ್ತದೆ, ಎರಡನೆಯದು ಎತ್ತರ ತಿನ್ನುತ್ತದೆ. ಗೋಡೆ ಉದ್ದವಿದ್ದರೆ ಕಾಕಾ ಅರ್ಕಾವೊತ್ತು ಹಾಕುತ್ತಿದ್ದರು. ಬಾಗಿಲ ಪಕ್ಕದ ಕಿರಿದಾದ ತಗಡಿಗಾದರೆ ಒತ್ತು ಕೆಳಗೆ ಇಳಿಸುತ್ತಿದ್ದರು. ಅದೇ ಸಾಲಿನಲ್ಲಿ ಬೇರೆ ಅಕ್ಷರಕ್ಕೆ ಹೇಗೂ ಒತ್ತು ಇದ್ದರೆ ಎತ್ತರದ ಜಾಗ ಕೊಟ್ಟಾಗಿರುತ್ತದೆ, ಅಲ್ಲಿ ಇನ್ನೊಂದು ಒತ್ತು ಬಂದರೆ ನಷ್ಟವಿಲ್ಲ. ಯುನಿಕೋಡಿನಲ್ಲೂ ಈ ಎರಡೂ ರೂಪ ತರಬಹುದು, ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಕೀಲಿ ಒತ್ತಬೇಕು ಅಷ್ಟೆ. ಆದರೆ ಡಿಸೈನ್ ಮಾಡುವ ಎಷ್ಟೋ ಹುಡುಗರು ಆ ಕಡೆ ತಲೆ ಹಾಕಿಲ್ಲ. ಕೀಬೋರ್ಡ್ ಕೊಟ್ಟದ್ದೇ ಪ್ರಸಾದ.

ನಿಜವಾದ ಶತ್ರು ಯಾರೆಂದರೆ ಇಂಗ್ಲಿಷಿನಿಂದ ಬಂದ ಹೆಸರುಗಳು. ಕಿರಾಣಿ ಅಂಗಡಿ, ಬಟ್ಟೆ ಅಂಗಡಿ ಅಂತ ಬರೆಯುವುದು ಸುಖ. ಎಲೆಕ್ಟ್ರಿಕಲ್ಸ್ ಅಂತ ಬಂದಿತೋ, ಕ ಕೆಳಗೆ ಟ, ಟ ಕೆಳಗೆ ರ, ಮೇಲೆ ಗುಡಿಸು. ನಾಲ್ಕು ಅಂತಸ್ತು. ಒಂದು ಅಕ್ಷರದ ಸಲುವಾಗಿ ಇಡೀ ಸಾಲು ಕುಗ್ಗಬೇಕು. ಕಾಕಾ ಅಲ್ಲಿ ರ ಒತ್ತನ್ನು ಕೆಳಗೆ ಬಿಡದೆ ಪಕ್ಕದ ಅಕ್ಷರದ ಬುಡದಲ್ಲಿ ಖಾಲಿ ಇರುವ ಸಂದಿಗೆ ಸೇರಿಸುತ್ತಿದ್ದರು. ಫಾಂಟಿಗೆ ಪಕ್ಕದಲ್ಲಿ ಯಾರಿದ್ದಾರೆ ಅಂತ ಗೊತ್ತಿರುವುದಿಲ್ಲ. ಬ್ರಷ್ ಹಿಡಿದವನಿಗೆ ಗೊತ್ತಿರುತ್ತದೆ.

ಬ್ಯಾಡಗಿಯ ಮೆಣಸಿನಕಾಯಿ ಪ್ಯಾಟಿಯಲ್ಲಿ ಈ ಅಕ್ಷರದ ಇನ್ನೊಂದು ಅವತಾರ ಉಂಟು. ಚೀಲದ ಮೇಲಿನ ಮಾರ್ಕಾ. ತಗಡಿನಲ್ಲಿ ಅಕ್ಷರ ಕೊರೆದು, ಚೀಲದ ಮೇಲಿಟ್ಟು ಮಸಿ ಒರೆಸುವುದು. ತಗಡು ಕೊರೆಯುವಾಗ ರ, ಠ ಇಂಥ ಸುತ್ತು ಮುಚ್ಚಿದ ಅಕ್ಷರಗಳ ನಡುವಿನ ಭಾಗ ಕಳಚಿ ಬೀಳುತ್ತದೆ. ಅದಕ್ಕೆ ಒಂದೆರಡು ಕಡೆ ಕೊಂಡಿ ಬಿಡಬೇಕು. ಕೊಂಡಿ ಎಲ್ಲಿ ಬಿಡುತ್ತೀರಿ ಅನ್ನುವುದರ ಮೇಲೆ ಅಕ್ಷರದ ಚಂದ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಆ ಹೆಸರಿಗೇ ಬೆಲೆ. ಕಡ್ಡಿ, ಡಬ್ಬಿ ಎಂಬ ಎರಡು ತಳಿ. ಗೋಣಿಯ ನೂಲು ಒರಟು, ಮಸಿ ಹರಡುತ್ತದೆ. ಒತ್ತು ಸಣ್ಣದಾಗಿ ಕೊರೆದರೆ ಡಬ್ಬಿಯ ಬ ಒತ್ತು ಮಸಿಯಲ್ಲಿ ಮುಳುಗಿ ಬರೀ ಕರಿ ಕಲೆ ಆಗುತ್ತದೆ. ಅದಕ್ಕೇ ಅಲ್ಲಿ ಒತ್ತನ್ನು ಮೇಲಿನ ಅಕ್ಷರದಷ್ಟೇ ದೊಡ್ಡದಾಗಿ ಕೊರೆಯುವುದು ಒಳ್ಳೆಯದು. ಪುಸ್ತಕದ ಕಣ್ಣಿಗೆ ಅದು ಅಡ್ಡಾದಿಡ್ಡಿ ಕಂಡೀತು, ಗೋಣಿಗೆ ಅದೇ ಸರಿ.

ಕಂಪ್ಯೂಟರ್ ಬಂದ ಮೇಲೆ ಏನಾಯಿತು ಅಂತ ಕೇಳಿದರೆ, ಕೆಲಸ ಸಲೀಸಾಯಿತು, ಅಕ್ಷರ ಕೆಟ್ಟಿತು ಅನ್ನುತ್ತೇನೆ. ಹಳಬನ ಗೊಣಗಾಟ ಅಂದುಕೊಳ್ಳಬೇಡಿ, ಲೆಕ್ಕ ತೋರಿಸುತ್ತೇನೆ. ಕೋರಲ್‌ಡ್ರಾದಲ್ಲಿ ನುಡಿಯದೋ ಶ್ರೀಲಿಪಿಯದೋ ದಪ್ಪ ಫಾಂಟ್ ಆರಿಸಿ ಹೆಸರು ಟೈಪ್ ಮಾಡುತ್ತಾರೆ. ಅದು ಜಾಗದಲ್ಲಿ ಹಿಡಿಸುವುದಿಲ್ಲ. ಪಕ್ಕದ ಹಿಡಿಕೆಯನ್ನು ಮೌಸಿನಲ್ಲಿ ಹಿಡಿದು ಒಳಕ್ಕೆ ತಳ್ಳುತ್ತಾರೆ. ಅಗಲ ಶೇ 60ಕ್ಕೆ ಇಳಿಯಿತು ಅನ್ನಿ. ಆಗ ನಿಂತ ಗೆರೆಗಳೂ ಶೇ 60ಕ್ಕೆ ತೆಳ್ಳಗಾದವು. ಅಡ್ಡ ಗೆರೆಗಳು ಮೊದಲಿನಷ್ಟೇ ದಪ್ಪ ಉಳಿದವು. ರ ಅಕ್ಷರ ನೆಟ್ಟಗೆ ನಿಲ್ಲಿಸಿದ ಕೋಳಿಮೊಟ್ಟೆಯ ಹಾಗಾಯಿತು: ನೆತ್ತಿ, ಬುಡ ದಪ್ಪ, ಮಗ್ಗುಲು ಕೃಶ. ದೂರದಿಂದ ನೋಡಿದರೆ ಅಡ್ಡಪಟ್ಟಿಗಳು ಮಾತ್ರ ಕಾಣುತ್ತವೆ. "ದಪ್ಪ ಆಗ್ಲಿಲ್ಲಲ್ರಿ" ಅಂತ ಗಿರಾಕಿ ಅನ್ನುತ್ತಾನೆ. ಆಗ ಸುತ್ತ ಔಟ್‌ಲೈನ್ ಕೊಡುತ್ತಾರೆ. ಔಟ್‌ಲೈನ್ ಒಳಕ್ಕೂ ಬೆಳೆಯುತ್ತದೆ. ಷ ಒಳಗಿನ ಗೆರೆ, ಥ ಹೊಟ್ಟೆಯ ಚುಕ್ಕೆ, ಧ ಬುಡದ ಸೀಳು ಎಲ್ಲ ಮುಚ್ಚಿಹೋಗುತ್ತವೆ. ಅದರ ಮೇಲೆ ಹಳದಿ ಗ್ರೇಡಿಯೆಂಟ್, ಅದರ ಹಿಂದೆ ನೆರಳು. ಇಷ್ಟಾದ ಮೇಲೆ ಅದನ್ನು ಓದುವುದಲ್ಲ, ಊಹಿಸುವುದು.

2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಊರ ತುಂಬ ಸ್ವಾಗತ ಕೋರುವ ಫ್ಲೆಕ್ಸು. ಸಮ್ಮೇಳನ ಅನ್ನುವ ಶಬ್ದವನ್ನು ಎಷ್ಟು ಬಗೆಯಲ್ಲಿ ಹಿಂಡಬಹುದು ಅಂತ ಆಗ ನೋಡಿದೆ. ಮ್ಮೇ ಅಕ್ಷರ ಮೊದಲೇ ಅಗಲ, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ಹಿಂಡಿದರೆ ಉಸಿರು ಕಟ್ಟುವುದು ಅದಕ್ಕೇ ಮೊದಲು.

ದೀಪಾವಳಿ ಮುಗಿಯುತ್ತಲೇ ನಮ್ಮ ಜಿಲ್ಲೆಯಲ್ಲಿ ಹೋರಿ ಬೆದರಿಸುವ ಸ್ಪರ್ಧೆಗಳು ಶುರು. ನನಗೆ ವರ್ಷದ ಸುಗ್ಗಿ ಆಗಲೇ. ಕೊಬ್ಬರಿ ಹಾರ, ಬಲೂನು, ಬಣ್ಣದ ಜೂಲು ಹೊತ್ತ ಹೋರಿಗೆ ಒಂದು ಭರ್ಜರಿ ಹೆಸರಿರುತ್ತದೆ, ಅದರ ಅಭಿಮಾನಿಗಳ ಬಳಗ ಇರುತ್ತದೆ, ಬಳಗಕ್ಕೆ ಟೀ ಶರ್ಟು, ಫ್ಲೆಕ್ಸು. ಅಗಡಿ ಸರ್ದಾರ ಅಂತ ಒಂದು ಹೋರಿಯ ಹೆಸರು ಇಟ್ಟುಕೊಳ್ಳಿ. ಹುಡುಗರು ಬಂದು, "ಮಾವಾರ, ಹೋರಿಗಿಂತ ಹೆಸರು ಜೋರಾಗಿರ್ಬೇಕು" ಅನ್ನುತ್ತಾರೆ. ಇಲ್ಲಿ ದಪ್ಪ, ಇಕ್ಕಟ್ಟಾದ ಅಕ್ಷರ ಬೇಕೇ ಬೇಕು, ಒಪ್ಪುತ್ತೇನೆ. ಓಡುವ ಹೋರಿಯ ಮೇಲಿನ ಬಟ್ಟೆಯಲ್ಲಿ ತೆಳ್ಳನೆಯ ಅಕ್ಷರ ಯಾರಿಗೆ ಕಂಡೀತು? ಅಂಥ ಕೆಲಸದಲ್ಲಿ ಹೆಸರನ್ನು ನಾನು ಈಗಲೂ ಕೈಯಲ್ಲೇ ಬರೆಯುತ್ತೇನೆ. ಅಗಡಿ ಒಂದು ಸಾಲು, ಕೆಳಗೆ ಸರ್ದಾರ. ಎರಡನೆಯ ಸಾಲಿನಲ್ಲಿ ಅರ್ಕಾವೊತ್ತು ಬಿಟ್ಟು ರ ಕೆಳಗೆ ದ ಒತ್ತು ಕೊಟ್ಟರೆ ಅಗಲದಲ್ಲಿ ಮೂರು ಅಕ್ಷರಕ್ಕೆ ಮುಗಿಯುತ್ತದೆ, ಮೇಲಿನ ಅಗಡಿಗೆ ಸರಿಸಮ ಬರುತ್ತದೆ. ಡಿ ಅಕ್ಷರದ ಗುಡಿಸನ್ನು ಮೇಲೆ ಚೂಪಾಗಿ ಬಿಡುತ್ತೇನೆ. ಕೋಡು ಅಂದುಕೊಳ್ಳುವವರು ಅಂದುಕೊಳ್ಳಲಿ. ಬರೆದದ್ದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಗೆರೆ ತಿದ್ದಿದರೆ ಆಯಿತು.

ಎಲ್ಲ ಕೆಲಸಕ್ಕೂ ಹೀಗೆ ಕೂತು ಬರೆಯಲು ಪುರಸೊತ್ತಿಲ್ಲ, ಗಿರಾಕಿ ಕೊಡುವ ರೇಟೂ ಸ್ಕ್ವೇರ್ ಫೂಟಿನ ಲೆಕ್ಕ. ಹಾಗಿದ್ದಾಗ ಹಿಂಡುವ ಬದಲು, ಇಕ್ಕಟ್ಟಿಗೆಂದೇ ಮಾಡಿದ ಫಾಂಟ್ ಹಾಕಿಕೊಳ್ಳಿ. ಮುಂಬೈಯ ಏಕ್ ಟೈಪ್ ಎಂಬ ಗುಂಪು 2022ರಲ್ಲಿ ಹೊರತಂದ ಅನೇಕ್ ಕನ್ನಡ ಪುಕ್ಕಟೆ ಸಿಗುತ್ತದೆ. ಒಂಬತ್ತು ಭಾರತೀಯ ಲಿಪಿಗಳಿಗೂ ಇಂಗ್ಲಿಷಿಗೂ ಒಟ್ಟಿಗೆ ಮಾಡಿದ ಕುಟುಂಬ ಅದು. ಅದರಲ್ಲಿ ದಪ್ಪ ಬೇರೆ, ಅಗಲ ಬೇರೆ, ಎರಡನ್ನೂ ಬೇಕಾದಷ್ಟು ಏರಿಸಿ ಇಳಿಸಬಹುದು. ಅಗಲ ಇಳಿಸಿದಾಗ ನಿಂತ ಗೆರೆ ತೆಳ್ಳಗಾಗದ ಹಾಗೆ ಡಿಸೈನ್ ಮಾಡಿದವರೇ ಅಕ್ಷರವನ್ನು ಬೇರೆ ಬರೆದು ಇಟ್ಟಿದ್ದಾರೆ. ಗೂಗಲ್‌ನ ನೋಟೊ ಸ್ಯಾನ್ಸ್ ಕನ್ನಡದಲ್ಲೂ ಈ ಸೌಲಭ್ಯ ಉಂಟು, ಆದರೆ ಅದರ ಮುಖದಲ್ಲಿ ಸರ್ಕಾರಿ ಫಾರಂನ ಗಾಂಭೀರ್ಯ. ಬಲೂ ತಮ್ಮ ದಪ್ಪಗಿದೆ, ಮುದ್ದಾಗಿದೆ, ಬೇಕರಿಗೆ ಚಂದ. ಗೊಬ್ಬರದ ಅಂಗಡಿಗೆ ನಾನು ಹಾಕಲಾರೆ. ಯಾವುದನ್ನು ಹಾಕಿದರೂ ಒತ್ತು ಮತ್ತು ಅರ್ಕಾವೊತ್ತನ್ನು ಮಾತ್ರ ಕೊನೆಗೆ ಕೈಯಿಂದ ಸರಿಮಾಡಬೇಕಾಗುತ್ತದೆ.

ಇನ್ನು ಬೋರ್ಡಿನ ಕಾನೂನು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಇದು ಅತಿಯಾಯಿತು ಅಂತ ಕೆಲವು ಅಂಗಡಿಕಾರರು ನನ್ನ ಮುಂದೆ ಗೊಣಗಿದ್ದಾರೆ. ರಾಜಕೀಯ ನನಗೆ ಬೇಡ; ಟೇಪು ಹಿಡಿದು ನೋಡೋಣ. ಮೂರಡಿ ಎತ್ತರ ಅಂದರೆ 36 ಇಂಚು. ಕನ್ನಡಕ್ಕೆ ಇಪ್ಪತ್ತೊಂದೂವರೆ ಇಂಚು ಬಂತು, ಇಂಗ್ಲಿಷಿಗೆ ಹದಿನಾಲ್ಕೂವರೆ. ಮೇಲೆ ಕೆಳಗೆ ಒಂದೊಂದಿಂಚು ಅಂಚು ಬಿಡಿ. ಇಂಗ್ಲಿಷ್ ಕ್ಯಾಪಿಟಲ್ ಹನ್ನೆರಡೂವರೆ ಇಂಚು ಪೂರ್ತಿ ತುಂಬಿಕೊಂಡು ನಿಲ್ಲುತ್ತದೆ. ಕನ್ನಡಕ್ಕೆ ಉಳಿದ ಹತ್ತೊಂಬತ್ತೂವರೆಯಲ್ಲಿ ಒತ್ತಿಗೆ ಐದು, ಗುಡಿಸಿಗೆ ನಾಲ್ಕು ಹೋದರೆ ಮೈಗೆ ಉಳಿಯುವುದು ಹತ್ತೂವರೆ ಇಂಚು. ಶೇ 60 ಕೊಟ್ಟ ಮೇಲೂ ಕನ್ನಡದ ಮೈ ಇಂಗ್ಲಿಷಿಗಿಂತ ಎರಡಿಂಚು ಗಿಡ್ಡ! ಅರ್ಧಕ್ಕರ್ಧ ಹಂಚಿದರೆ ಕನ್ನಡ ಎಲ್ಲಿ ಉಳಿದೀತು ಅಂತ ನೀವೇ ಲೆಕ್ಕ ಹಾಕಿ.

ಆ ಇಂಚಿನ ಲೆಕ್ಕಕ್ಕೆ ಬೆಲೆ ಏನು ಅಂದರೆ, ನಮ್ಮ ಕಸುಬಿನಲ್ಲಿ ಹತ್ತಡಿ ದೂರಕ್ಕೆ ಒಂದಿಂಚು ಅಕ್ಷರ ಎಂಬ ರೂಢಿಯಿದೆ. ಹೈವೇಯಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತದೆ. 60 ಮೀಟರ್ ದೂರದಿಂದ ಕಾಣುವ ಬೋರ್ಡ್ ಆದರೂ ಓದಲು ಸಿಗುವುದು ಮೂರು ಸೆಕೆಂಡಿಗಿಂತ ಕಡಿಮೆ. ಅದಕ್ಕೆ ಇಪ್ಪತ್ತಿಂಚಿನ ಅಕ್ಷರ ಬೇಕು. ಹತ್ತಿಂಚಿನಲ್ಲಿ ಹೈವೇಗೆ ಕಾಣಿಸುತ್ತೇನೆ ಅಂತ ಮಾತು ಕೊಡುವವರನ್ನು ನಂಬಬೇಡಿ, ಅವರು ಎಷ್ಟೇ ದಪ್ಪ ಅಕ್ಷರ ಹಾಕಲಿ. ಅಂಥ ಕಡೆ ಹೆಸರೊಂದನ್ನೇ ಉಳಿಸಿ, ಪ್ರೊಪ್ರೈಟರನ್ನೂ ನಂಬರನ್ನೂ ಗೋಡೆಯ ಮೇಲೆ ಬರೆಸಿ ಅನ್ನುತ್ತೇನೆ. ಒಪ್ಪುವವರು ಕಡಿಮೆ.

ದಪ್ಪ ಅಕ್ಷರ ಎಲ್ಲ ಕಡೆಗೂ ಸಲ್ಲುವುದಿಲ್ಲ. ನಮ್ಮೂರು ಅಗಡಿಯ ಆನಂದವನದಿಂದ 1907ರಲ್ಲಿ ಸದ್ಬೋಧ ಚಂದ್ರಿಕೆ ಹೊರಟಿತು. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ ಗಳಗನಾಥರು ಅದರ ಸಂಪಾದಕರು. ಆ ಕಾಲದ ಮಾಸಿಕವನ್ನು ಮಡಿಲಲ್ಲಿಟ್ಟುಕೊಂಡು ಓದುತ್ತಿದ್ದರು, ಒಂದೊಂದು ಪುಟವೂ ಗೇಣು ದೂರದಲ್ಲಿ. ಅಲ್ಲಿ ಅಕ್ಷರ ಕೂಗಬೇಕಾಗಿಲ್ಲ. ಇವತ್ತು ಮದುವೆಯ ಆಮಂತ್ರಣದ ಒಳಪುಟದಲ್ಲೂ ಫ್ಲೆಕ್ಸಿನ ಅಕ್ಷರ ಹಾಕಿಸುವವರಿದ್ದಾರೆ. ಅದಕ್ಕಿಂತ ಕಿರಿಕಿರಿ ಶ್ರದ್ಧಾಂಜಲಿಯ ಬ್ಯಾನರು. ತೀರಿಕೊಂಡ ಅಜ್ಜಿಯ ಫೋಟೊ, ಅದರ ಮೇಲೆ ಚುನಾವಣೆಯ ಪ್ರಚಾರಕ್ಕೆ ಹಾಕುವ ಕೆಂಪು ಅಕ್ಷರದಲ್ಲಿ ಭಾವಪೂರ್ಣ ಅಂತ. ಅಂಥ ಕೆಲಸ ಬಂದಾಗ ನಾನು ಕೇಳದೆಯೇ ತೆಳ್ಳನೆಯ ಅಕ್ಷರದಲ್ಲಿ ಮಾಡಿ ತೋರಿಸುತ್ತೇನೆ. ಒಮ್ಮೊಮ್ಮೆ ಒಪ್ಪುತ್ತಾರೆ. ಒಪ್ಪದಿದ್ದರೆ ಅವರ ಇಷ್ಟ.

ಬೋರ್ಡ್ ಮಾಡಿಸುವವರಿಗೆ ಒಂದು ವಿನಂತಿ ಇದೆ. ವಾಟ್ಸ್ಯಾಪಿನಲ್ಲಿ ಡಿಸೈನ್ ಬಂದೊಡನೆ ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿ ಓಕೆ ಅನ್ನಬೇಡಿ. ಒಂದು ಎ4 ಹಾಳೆಯ ಮೇಲೆ ಪ್ರಿಂಟ್ ತೆಗೆಸಿ, ಅಂಗಡಿಯ ಬಾಗಿಲಿಗೆ ಅಂಟಿಸಿ, ರಸ್ತೆ ದಾಟಿ ಹೋಗಿ ನೋಡಿ. ಹೆಸರು ಗೊತ್ತಿಲ್ಲದ ಯಾರಾದರೊಬ್ಬರನ್ನು ಕರೆದು ಓದಿಸಿ. ಧ ಅನ್ನುವ ಕಡೆ ದ ಅಂದರೆ ನನಗೆ ಫೋನ್ ಮಾಡಿ, ಫ್ಲೆಕ್ಸ್ ಮಷಿನ್ನಿಗೆ ಹೋಗುವ ಮೊದಲಾದರೆ ತಿದ್ದಲು ದುಡ್ಡು ಕೇಳುವುದಿಲ್ಲ.